ನಿಂತುಹೋದ ಮುಕ್ತ ತಂತ್ರಾಂಶವನ್ನು ಹೊಸಬರ ಜೊತೆ ಮತ್ತೆ ನಡೆಸುವುದು ಹೇಗೆ

ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಟೈಪಾದ ಕಡತಗಳು ಕಚೇರಿಗಳಲ್ಲಿ, ಮುದ್ರಣಾಲಯಗಳಲ್ಲಿ, ಲೇಖಕರ ಮನೆಯ ಸಿ.ಡಿ.ಗಳಲ್ಲಿ ಇಂದಿಗೂ ರಾಶಿ ಬಿದ್ದಿವೆ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ‘ಕನ್ನಡ’ ಎಂಬ ಪದವೇ ಇಂಗ್ಲಿಷಿನ ಪಿ, ಪೌಂಡ್ ಚಿಹ್ನೆ, ಜರ್ಮನ್ನರ ಜೋಡಿ ಎಸ್ ಎಲ್ಲ ಕಲಸಿಕೊಂಡ ಏಳು ಗುರುತುಗಳಾಗಿ ಕಾಣುತ್ತದೆ. ಇಂಥ ಪಠ್ಯವನ್ನು ಎಲ್ಲ ಕಂಪ್ಯೂಟರುಗಳೂ ಓದುವ ಯೂನಿಕೋಡ್ ಸಂಕೇತಕ್ಕೆ ತರುವ ಪುಟ್ಟ ಪರಿವರ್ತಕಗಳನ್ನು ಹಲವರು ಬರೆದು ಮುಕ್ತವಾಗಿ ಹಂಚಿದ್ದಾರೆ. ಅಂಥದೊಂದನ್ನು ಇಲ್ಲಿ ಉದಾಹರಣೆಯಾಗಿ ಇಟ್ಟುಕೊಳ್ಳೋಣ: ಪೈಥಾನ್ 2ರಲ್ಲಿ ಬರೆದದ್ದು, ಕೊನೆಯ ಕಮಿಟ್ (ದಾಖಲಾದ ಬದಲಾವಣೆ) 2015ರದ್ದು, ಒಬ್ಬರೇ ನಿರ್ವಾಹಕರು, ಉತ್ತರ ಕಾಣದ ಎಂಬತ್ತು ಇಶ್ಯೂ (ಬಳಸುವವರು ಬರೆದ ದೂರು, ಬೇಡಿಕೆಗಳು), ಹಾಗೇ ಕೂತಿರುವ ಹನ್ನೆರಡು ಪುಲ್ ರಿಕ್ವೆಸ್ಟ್ (ಸೇರಿಸಿಕೊಳ್ಳಿ ಎಂದು ಹೊರಗಿನವರು ಕಳಿಸಿದ ತಿದ್ದುಪಡಿ). ಇಲ್ಲಿ ಹೇಳುವ ಕ್ರಮ ಫಾಂಟಿಗೂ ಕೀಲಿಮಣೆ ವಿನ್ಯಾಸಕ್ಕೂ ಕಾಗುಣಿತ ಪರೀಕ್ಷಕದ ಪದಪಟ್ಟಿಗೂ ಹೊಂದುತ್ತದೆ.

ಇಂಥ ಯೋಜನೆಗಳಿಗೆ ತಿದ್ದುಪಡಿ ಕಳಿಸುವವರು ಇದ್ದೇ ಇರುತ್ತಾರೆ. ಆ ಹನ್ನೆರಡು ಪುಲ್ ರಿಕ್ವೆಸ್ಟೇ ಅದಕ್ಕೆ ಸಾಕ್ಷಿ. ಕಳಿಸಿದ ತಿದ್ದುಪಡಿ ಬಿಡುಗಡೆಯಾಗಿ ಬಳಸುವವರ ಕೈಸೇರುವ ದಾರಿ ಮಧ್ಯದಲ್ಲೆಲ್ಲೋ ಕಟ್ಟಿಕೊಂಡಿರುತ್ತದೆ. ಕೀಲಿ, ಅಂದರೆ ಬದಲಾವಣೆ ಸೇರಿಸುವ ಅಧಿಕಾರ, ಇರುವವರು ಕಾಣೆ, ಕೋಡನ್ನು ಪರೀಕ್ಷಿಸುವ ಟೆಸ್ಟ್ ಓಡುವುದಿಲ್ಲ, ಪ್ಯಾಕೇಜ್ ಕಟ್ಟಲು ಬರುವುದಿಲ್ಲ, ಇಲ್ಲವೇ ಪರವಾನಗಿಯೇ ಸ್ಪಷ್ಟವಿಲ್ಲ. ಆ ದಾರಿಯನ್ನು ಮೊದಲು ಬಿಡಿಸಿ. ಹೊಸಬರನ್ನು ಕರೆಯುವುದು ಅದಾದ ಮೇಲೆ. ಈ ಕ್ರಮ ತಿರುಗುಮುರುಗಾದರೆ ಉತ್ಸಾಹದಿಂದ ಬಂದ ಹತ್ತು ಜನರ ಕೆಲಸ ಹದಿಮೂರನೆಯ, ಹದಿನಾಲ್ಕನೆಯ ಪುಲ್ ರಿಕ್ವೆಸ್ಟಾಗಿ ಅದೇ ಸಾಲಿನಲ್ಲಿ ನಿಲ್ಲುತ್ತದೆ.

ನಿಂತಿದೆಯೋ, ಮುಗಿದಿದೆಯೋ

ಐದು ವರ್ಷದಿಂದ ಕಮಿಟ್ ಇಲ್ಲ ಎಂದಮಾತ್ರಕ್ಕೆ ಯೋಜನೆ ಸತ್ತಿದೆ ಎನ್ನಲಾಗದು. ಚಿಕ್ಕ ಕೆಲಸವೊಂದನ್ನು ಸರಿಯಾಗಿ ಮಾಡಿ ಮುಗಿಸಿದ ಲೈಬ್ರರಿಗೆ ಮಾಡಲು ಇನ್ನೇನೂ ಉಳಿದಿರುವುದಿಲ್ಲ. ಹಾಗಾಗಿ ಇವನ್ನು ನೋಡಿ: ಇಂದಿನ ಪೈಥಾನ್ ಆವೃತ್ತಿಯಲ್ಲಿ ಅದು ಇನ್‌ಸ್ಟಾಲ್ ಆಗುತ್ತದೆಯೇ? ಕಳೆದ ಎರಡು ವರ್ಷಗಳಲ್ಲಿ ಯಾರಾದರೂ ಹೊಸ ಇಶ್ಯೂ ಬರೆದಿದ್ದಾರೆಯೇ? ಬರೆದಿದ್ದರೆ ಬಳಸುವವರಿದ್ದಾರೆ ಎಂದರ್ಥ. ಬಳಸುವವರೇ ಇಲ್ಲದ ಯೋಜನೆಗೆ ಮೂರು ತಿಂಗಳು ಹಾಕುವ ಮೊದಲು ಚೆನ್ನಾಗಿ ಯೋಚಿಸಿ.

ಆಮೇಲೆ ಫೋರ್ಕ್‌ಗಳ, ಅಂದರೆ ಬೇರೆಯವರು ಮಾಡಿಕೊಂಡಿರುವ ಕೋಡಿನ ಸ್ವಂತ ಪ್ರತಿಗಳ, ಪಟ್ಟಿ ತೆರೆಯಿರಿ. ಇದನ್ನು ಬಹಳ ಜನ ಮರೆಯುತ್ತಾರೆ. ಪೈಥಾನ್ 3ಕ್ಕೆ ಬದಲಾಯಿಸುವ ಕೆಲಸವನ್ನು ಯಾರೋ ಒಬ್ಬರು ತಮ್ಮ ಫೋರ್ಕಿನಲ್ಲಿ ಮುಗಿಸಿ, ಮೂಲಕ್ಕೆ ಕಳಿಸದೆ ಸುಮ್ಮನಾಗಿರುವ ಸಂಭವ ಸಾಕಷ್ಟಿದೆ. ಮೂಲಕ್ಕಿಂತ ಮುಂದಿರುವ ಕಮಿಟ್‌ಗಳಿರುವ ಫೋರ್ಕ್‌ಗಳನ್ನು ಗುರುತುಹಾಕಿಕೊಳ್ಳಿ. ಅವರೇ ನಿಮ್ಮ ಮೊದಲ ಸಹೋದ್ಯೋಗಿಗಳಾಗಬಲ್ಲವರು. ಬದಲಾವಣೆಗಳ ಇತಿಹಾಸ ಇಡುವ ಗಿಟ್‌ನ ಶಾರ್ಟ್‌ಲಾಗ್ ಆದೇಶಕ್ಕೆ ಎಸ್ ಮತ್ತು ಎನ್ ಆಯ್ಕೆ ಕೊಟ್ಟು ಓಡಿಸಿದರೆ ಈವರೆಗೆ ಯಾರು ಎಷ್ಟು ಕಮಿಟ್ ಮಾಡಿದ್ದಾರೆ ಎಂಬ ಪಟ್ಟಿ ಇಳಿಕೆಯ ಕ್ರಮದಲ್ಲಿ ಸಿಗುತ್ತದೆ. ಎರಡನೆಯ, ಮೂರನೆಯ ಹೆಸರಿನವರಿಗೆ ಕೋಡಿನ ಒಳಗುಟ್ಟು ಗೊತ್ತಿರುತ್ತದೆ. ನಿರ್ವಾಹಕರಿಗೆ ಬರೆಯುವ ವಾರದಲ್ಲೇ ಇವರಿಗೂ ಬರೆಯಿರಿ.

ಪರವಾನಗಿ ನೋಡದೆ ಒಂದು ಸಾಲೂ ಬರೆಯಬೇಡಿ

ಕೋಡ್ ಎಲ್ಲರಿಗೂ ಕಾಣುವಂತೆ ಇದೆ, ಆದರೆ ಪರವಾನಗಿ ಕಡತವಿಲ್ಲ ಎಂದಾದರೆ ಎಲ್ಲ ಹಕ್ಕೂ ಬರೆದವರದ್ದೇ. ಅದನ್ನು ತಿದ್ದಿ ಹಂಚುವ ಅಧಿಕಾರ ನಿಮಗಿಲ್ಲ. ಮೂಲ ಲೇಖಕರಿಂದ ಬರಹದಲ್ಲಿ ಒಪ್ಪಿಗೆ ಸಿಗದಿದ್ದರೆ ಅಲ್ಲಿಗೆ ಬಿಟ್ಟು ಬೇರೆ ಯೋಜನೆ ನೋಡಿ, ಇಲ್ಲವೇ ಹೊಸದಾಗಿ ಬರೆಯಿರಿ. ಪರವಾನಗಿ ಇದ್ದರೆ ಅದನ್ನು ಹಾಗೆಯೇ ಮುಂದುವರಿಸಿ. ಹಳೆಯ ಕಾಪಿರೈಟ್ ಸಾಲುಗಳನ್ನು ಅಳಿಸದೆ ಅವುಗಳ ಕೆಳಗೆ ನಿಮ್ಮದನ್ನು ಸೇರಿಸಿ. ಪರವಾನಗಿ ಬದಲಿಸಲು ಕೊಡುಗೆ ಕೊಟ್ಟ ಪ್ರತಿಯೊಬ್ಬರ ಒಪ್ಪಿಗೆ ಬೇಕಾಗುತ್ತದೆ. ಆ ವಾದಕ್ಕೆ ಇಳಿದ ತಂಡದ ಮೊದಲ ಆರು ತಿಂಗಳು ಅದರಲ್ಲೇ ಕಳೆದುಹೋಗುತ್ತದೆ.

ಕನ್ನಡದ ಯೋಜನೆಗಳಲ್ಲಿ ಎರಡು ಕಡೆ ಹೆಚ್ಚು ಎಚ್ಚರ ಬೇಕು. ಫಾಂಟ್ ಎಸ್‌ಐಎಲ್ ಸಂಸ್ಥೆಯ ಓಪನ್ ಫಾಂಟ್ ಲೈಸೆನ್ಸ್ ಅಡಿಯಲ್ಲಿದ್ದು, ಅದರಲ್ಲಿ ಕಾಯ್ದಿರಿಸಿದ ಹೆಸರು ಎಂಬ ಸಾಲಿದ್ದರೆ, ತಿದ್ದಿದ ಫಾಂಟನ್ನು ಅದೇ ಹೆಸರಿನಲ್ಲಿ ಬಿಡುಗಡೆ ಮಾಡುವಂತಿಲ್ಲ. ಹೆಸರಿಟ್ಟವರ ಒಪ್ಪಿಗೆ ಬೇಕು, ಇಲ್ಲವೇ ಹೊಸ ಹೆಸರು ಬೇಕು. ಇನ್ನೊಂದು ಪದಪಟ್ಟಿ. ಪ್ರೋಗ್ರಾಮ್ ಮುಕ್ತವಾಗಿದ್ದರೂ ಜೊತೆಗಿರುವ ಪದಗಳು, ಅರ್ಥಗಳು ಯಾವುದೋ ಮುದ್ರಿತ ನಿಘಂಟಿನಿಂದ ಎತ್ತಿದ್ದಾಗಿರಬಹುದು. ಪದಪಟ್ಟಿ ಎಲ್ಲಿಂದ ಬಂತೆಂದು ಯಾರೂ ಹೇಳಲಾರದಿದ್ದರೆ ಅದನ್ನು ತೆಗೆದು, ಮೂಲ ತಿಳಿದ ಪಠ್ಯದಿಂದ ಮತ್ತೆ ಕಟ್ಟುವುದು ನಿಧಾನವಾದರೂ ಕ್ಷೇಮ.

ಮೂಲ ನಿರ್ವಾಹಕರಿಗೆ ಪತ್ರ

ಇಮೇಲ್ ವಿಳಾಸ ಗಿಟ್ ಲಾಗ್‌ನಲ್ಲೇ ಇರುತ್ತದೆ. ಹಳೆಯ ಕಮಿಟ್‌ನಲ್ಲಿರುವುದು ಬಿಟ್ಟುಹೋದ ಕಂಪನಿಯ ವಿಳಾಸವಾಗಿರಬಹುದು; ಹಾಗಾಗಿ ಅವರ ಇತರ ಯೋಜನೆಗಳ ಇತ್ತೀಚಿನ ಕಮಿಟ್, ಪ್ಯಾಕೇಜ್ ಪುಟದ ವಿಳಾಸ, ಅವರ ಜಾಲತಾಣ ಎಲ್ಲವನ್ನೂ ನೋಡಿ. ಆರು ವಾರದ ಅವಧಿಯಲ್ಲಿ ಮೂರು ಸಲ ಬರೆಯಿರಿ, ಒಂದು ಪ್ರಯತ್ನವನ್ನು ಎಲ್ಲರಿಗೂ ಕಾಣುವ ಇಶ್ಯೂ ಆಗಿ ದಾಖಲಿಸಿ. ರೆಪೊ (ಕೋಡ್ ಇಟ್ಟಿರುವ ಜಾಗ) ಆರ್ಕೈವ್ ಆಗಿದ್ದರೆ, ಅಂದರೆ ಓದಲು ಮಾತ್ರ ಉಳಿದಿದ್ದರೆ, ಹೊಸ ಇಶ್ಯೂ ತೆರೆಯಲು ಆಗುವುದಿಲ್ಲ, ಇಮೇಲ್ ಒಂದೇ ದಾರಿ.

ಪತ್ರದಲ್ಲಿ ‘ಯೋಜನೆಯನ್ನು ನನಗೆ ಕೊಡಿ’ ಎಂದು ಶುರುಮಾಡಬೇಡಿ. ಅಪರಿಚಿತರಿಗೆ ಕೀಲಿ ಕೊಡಲು ಹಿಂಜರಿಯುವ ನಿರ್ವಾಹಕರು ಸರಿಯಾಗಿಯೇ ಯೋಚಿಸುತ್ತಿದ್ದಾರೆ. ಮಾಡಿದ ಕೆಲಸ ತೋರಿಸಿ, ಚಿಕ್ಕದನ್ನು ಕೇಳಿ, ಉತ್ತರಿಸಲು ಸುಲಭವಾಗಲೆಂದು ಆಯ್ಕೆಗಳನ್ನು ಮುಂದಿಡಿ:

‘ನಮಸ್ಕಾರ. ನಿಮ್ಮ ಪರಿವರ್ತಕ ಪೈಥಾನ್ 3.12ರಲ್ಲಿ ಇನ್‌ಸ್ಟಾಲ್ ಆಗುತ್ತಿಲ್ಲ. ನನ್ನ ಫೋರ್ಕಿನಲ್ಲಿ ಅದನ್ನು ಸರಿಪಡಿಸಿ ನಲವತ್ತು ಪದಗಳ ಟೆಸ್ಟ್ ಸೇರಿಸಿದ್ದೇನೆ. ಇದು ಬಳಕೆದಾರರನ್ನು ತಲುಪಬೇಕಿದೆ. ಇವುಗಳಲ್ಲಿ ನಿಮಗೆ ಯಾವುದು ಅನುಕೂಲ? ಒಂದು, ನೀವೇ ನೋಡಿ ಸೇರಿಸಿ ಬಿಡುಗಡೆ ಮಾಡುವುದು. ಎರಡು, ನೀವು ಒಡೆಯರಾಗಿಯೇ ಉಳಿದು ಇಬ್ಬರನ್ನು ಸಹನಿರ್ವಾಹಕರಾಗಿ ಸೇರಿಸಿಕೊಳ್ಳುವುದು. ಮೂರು, ರೆಪೊವನ್ನು ಒಂದು ಸಂಘಟನೆಯ ಖಾತೆಗೆ ವರ್ಗಾಯಿಸುವುದು. ನಾಲ್ಕು, ನಮ್ಮ ಫೋರ್ಕಿನ ಕೊಂಡಿಯನ್ನು ರೀಡ್‌ಮಿ ಕಡತದ ಮೇಲ್ಭಾಗದಲ್ಲಿ ಹಾಕುವುದು. ನಾಲ್ಕರಲ್ಲಿ ಯಾವುದಾದರೂ ನಮಗೆ ಒಪ್ಪಿಗೆ.’

ಎರಡನೆಯದು ಸಿಕ್ಕರೆ ಅದನ್ನೇ ಹಿಡಿದುಕೊಳ್ಳಿ. ಎಲ್ಲಕ್ಕಿಂತ ಕಡಿಮೆ ತೊಡಕಿನ ದಾರಿ ಅದು. ಒಪ್ಪಿಗೆ ಬಂದ ಮೇಲೆ ರೆಪೊ ಕೀಲಿ ಸಿಕ್ಕಿತೆಂದು ಅಲ್ಲಿಗೇ ನಿಲ್ಲಿಸಬೇಡಿ. ಪೈಥಾನ್ ಪ್ಯಾಕೇಜುಗಳ ಸೂಚಿ ಪೈಪಿಐಯಲ್ಲಿ ಯೋಜನೆಯ ಒಡೆತನ, ಡೊಮೇನ್ ಹೆಸರು ಮತ್ತು ಅದರ ನವೀಕರಣದ ದಿನಾಂಕ, ದಾಖಲೆಗಳ ತಾಣ, ಅನುವಾದ ವೇದಿಕೆ, ಆ್ಯಂಡ್ರಾಯ್ಡ್ ಆ್ಯಪ್ ಇದ್ದರೆ ಅದರ ಸಹಿಯ ಕೀಲಿ, ಇವೆಲ್ಲವನ್ನೂ ಪಟ್ಟಿಮಾಡಿ ಒಂದೇ ಪತ್ರದಲ್ಲಿ ಕೇಳಿ. ಒಮ್ಮೆ ಕೈಬಿಟ್ಟವರು ಎರಡನೆಯ ಸಲ ಸಿಗುತ್ತಾರೆಂಬ ಭರವಸೆಯಿಲ್ಲ. ಕೋಡ್ ಇಡುವ ತಾಣ ಗಿಟ್‌ಹಬ್‌ನಲ್ಲಿ ರೆಪೊ ವರ್ಗಾವಣೆಯಾದರೆ ಹಳೆಯ ಕೊಂಡಿಗಳು ತಾವಾಗಿಯೇ ಹೊಸ ಜಾಗಕ್ಕೆ ಒಯ್ಯುತ್ತವೆ. ಆದರೆ ಹಳೆಯ ಖಾತೆಯಲ್ಲಿ ಅದೇ ಹೆಸರಿನ ಹೊಸ ರೆಪೊ ಮಾಡಿದ ಕ್ಷಣ ಆ ಅನುಕೂಲ ಮುರಿಯುತ್ತದೆ. ಹಳೆಯ ನಿರ್ವಾಹಕರಿಗೆ ಇದನ್ನು ಮೊದಲೇ ತಿಳಿಸಿ.

ಉತ್ತರ ಬಾರದಿದ್ದರೆ

ಫೋರ್ಕ್ ಮಾಡಿ. ಪರವಾನಗಿ ಅನುಮತಿಸುವುದೇ ಇದಕ್ಕೆ, ಸಂಕೋಚ ಬೇಡ. ಗಿಟ್‌ಹಬ್ ಫೋರ್ಕ್‌ಗಳಲ್ಲಿ ಇಶ್ಯೂ ವಿಭಾಗ ಮೊದಲಿಗೆ ಮುಚ್ಚಿರುತ್ತದೆ, ಸೆಟ್ಟಿಂಗ್‌ಗೆ ಹೋಗಿ ತೆರೆಯಬೇಕು. ಇದು ಮರೆತರೆ ಜನ ‘ಇಲ್ಲೂ ಯಾರೂ ಇಲ್ಲ’ ಎಂದುಕೊಂಡು ವಾಪಸು ಹೋಗುತ್ತಾರೆ. ಫೋರ್ಕನ್ನು ನಿಮ್ಮ ಸ್ವಂತ ಖಾತೆಯಲ್ಲಿಡದೆ, ಮೊದಲ ದಿನವೇ ಒಂದು ಸಂಘಟನೆಯ ಖಾತೆ ತೆರೆದು ಅದರಲ್ಲಿಡಿ. ಒಬ್ಬರ ಖಾತೆಯಲ್ಲಿ ಇದ್ದದ್ದೇ ಹಿಂದಿನ ಸಲ ಯೋಜನೆ ನಿಲ್ಲಲು ಕಾರಣವಾಗಿತ್ತು.

ಹೆಸರಿನ ಮಾತು ಬೇರೆ. ಪೈಪಿಐಯಲ್ಲಿ ಹಳೆಯ ಹೆಸರೇ ಬೇಕೆಂದರೆ ಪಿಇಪಿ 541 ಎಂಬ ನಿಯಮಾವಳಿ ಇದೆ. ಒಡೆಯರು ಸಂಪರ್ಕಕ್ಕೆ ಸಿಗುತ್ತಿಲ್ಲ, ಹನ್ನೆರಡು ತಿಂಗಳಿಂದ ಬಿಡುಗಡೆಯಿಲ್ಲ, ಯೋಜನೆಯ ಮುಖಪುಟದಲ್ಲೂ ಒಡೆಯರ ಚಟುವಟಿಕೆಯಿಲ್ಲ, ಈ ಮೂರೂ ಕೂಡಿದಾಗ ಮಾತ್ರ ಅದು ಕೈಬಿಟ್ಟ ಯೋಜನೆ. ನೀವು ಮಾಡಿದ ಸಂಪರ್ಕ ಯತ್ನಗಳನ್ನು ತೋರಿಸಬೇಕು, ನಿಮ್ಮ ಫೋರ್ಕಿನಲ್ಲಿ ಆಗಿರುವ ಸುಧಾರಣೆ ತೋರಿಸಬೇಕು, ಬೇರೆ ಹೆಸರು ಏಕೆ ಸಾಲದು ಎಂದೂ ವಿವರಿಸಬೇಕು. ಸೂಚಿಯನ್ನು ನೋಡಿಕೊಳ್ಳುವವರು ತಾವೂ ಒಡೆಯರನ್ನು ಮೂರು ಸಲ ಸಂಪರ್ಕಿಸಲು ನೋಡಿ, ಆರು ವಾರದ ನಂತರ ಆ ಪ್ರಯತ್ನ ನಿಲ್ಲಿಸುತ್ತಾರೆ. ಒಟ್ಟಾರೆ ತಿಂಗಳುಗಟ್ಟಲೆ ಹಿಡಿಯುವ ಕೆಲಸ. ಅರ್ಜಿ ಹಾಕಿ, ಆದರೆ ಅದಕ್ಕಾಗಿ ಕಾಯುತ್ತ ಕೂರದೆ ಬೇರೆ ಹೆಸರಿನಲ್ಲಿ ಬಿಡುಗಡೆ ಶುರುಮಾಡಿ. ಲಿನಕ್ಸ್ ವ್ಯವಸ್ಥೆಯಾದ ಡೆಬಿಯನ್‌ನಲ್ಲಿ ಪ್ಯಾಕೇಜ್ ಪಾಲನೆ ನಿಂತಿದ್ದರೆ ಅದಕ್ಕೆ ಬೇರೆಯೇ ದಾರಿಯಿದೆ: ಪಾಲನೆ ವಹಿಸಿಕೊಳ್ಳುವ ಉದ್ದೇಶವನ್ನು ದೋಷ ವರದಿಯಾಗಿ ದಾಖಲಿಸಿ, ಇಪ್ಪತ್ತೊಂದು ದಿನ ಆಕ್ಷೇಪಣೆಗೆ ಕಾದು ಮುಂದುವರಿಯುವುದು.

ಹಳೆಯದು ಮೊದಲು ಹಳೆಯ ಹಾಗೆಯೇ ಓಡಲಿ

ಕೋಡ್ ಕೈಗೆ ಬಂದಾಗ ಎಲ್ಲವನ್ನೂ ಹೊಸದಾಗಿ ಬರೆಯುವ ಆಸೆ ಬಲವಾಗಿರುತ್ತದೆ. ತಡೆಯಿರಿ. ಹಳೆಯ ಕೋಡಿನಲ್ಲಿ ಅರ್ಥವಿಲ್ಲದಂತೆ ಕಾಣುವ ಪ್ರತಿಯೊಂದು ‘ಇಫ್’ ಹಿಂದೆ ಯಾರೋ ಕಳಿಸಿದ ಒಂದು ಕಡತ, ಒಂದು ತಪ್ಪು ಇರುತ್ತದೆ.

ಮೊದಲ ವಾರ ಒಂದು ಕಂಟೇನರ್ (ಉಳಿದ ಕಂಪ್ಯೂಟರಿನಿಂದ ಬೇರೆಯಾದ ಪುಟ್ಟ ಪರಿಸರ) ಒಳಗೆ ಪೈಥಾನ್ 2.7 ಹಾಕಿ, ಯೋಜನೆಯನ್ನು ಒಂದಕ್ಷರವೂ ಬದಲಿಸದೆ ಓಡಿಸಿ. ನಲವತ್ತರಿಂದ ಐವತ್ತು ಹಳೆಯ ಎನ್ಕೋಡಿಂಗಿನ (ಅಕ್ಷರಗಳಿಗೆ ಸಂಕೇತ ಕೊಡುವ ಕ್ರಮದ) ಪದಗಳನ್ನು ಕೊಟ್ಟು, ಬಂದ ಉತ್ತರವನ್ನು ಹಾಗೆಯೇ ಬರೆದಿಟ್ಟುಕೊಳ್ಳಿ, ತಪ್ಪಾಗಿದ್ದರೂ ಸರಿ. ತಪ್ಪಿರುವ ಕಡೆ ‘ಗೊತ್ತಿರುವ ದೋಷ’ ಎಂದು ಗುರುತುಹಾಕಿ. ಮುಂದಿನ ಬದಲಾವಣೆಗಳಲ್ಲಿ ಏನು ಕೆಟ್ಟಿತು, ಏನು ಸರಿಹೋಯಿತು ಎಂದು ಹೇಳುವುದು ಈ ಪಟ್ಟಿಯೇ. ಪದಗಳನ್ನು ಹೀಗೆ ಆರಿಸಿ:

ಒತ್ತಕ್ಷರಕ್ಕೆ ‘ಅಕ್ಕಿ’, ‘ಕನ್ನಡ’. ಹಳೆಯ ಫಾಂಟುಗಳಲ್ಲಿ ಅಕ್ಷರಗಳು ಕಣ್ಣಿಗೆ ಕಾಣುವ ಕ್ರಮದಲ್ಲಿರುತ್ತವೆ: ಮೊದಲು ‘ಕಿ’, ಅದರ ನಂತರ ಕ-ಒತ್ತು. ಯೂನಿಕೋಡಿನಲ್ಲಿ ಉಚ್ಚಾರದ ಕ್ರಮ: ಕ, ವಿರಾಮ, ಕ, ಕೊನೆಗೆ ಇಕಾರ. ಅಂದರೆ ಪರಿವರ್ತಕ ಸ್ವರಚಿಹ್ನೆಯನ್ನು ಎತ್ತಿ ಒತ್ತಿನ ಆಚೆ ಇಡಬೇಕು. ಅರ್ಕಾವತ್ತಿಗೆ ‘ಕರ್ನಾಟಕ’: ಹಳೆಯದರಲ್ಲಿ ‘ನಾ’ ಆದಮೇಲೆ ಅರ್ಕಾವತ್ತಿನ ಗುರುತು ಬರುತ್ತದೆ, ಯೂನಿಕೋಡಿನಲ್ಲಿ ರಕಾರ ಎಲ್ಲಕ್ಕಿಂತ ಮುಂದೆ ಹೋಗಬೇಕು. ಎರಡು ಒತ್ತು ಕೂಡಿದ ‘ರಾಷ್ಟ್ರ’, ‘ಶಾಸ್ತ್ರ’ ಇರಲೇಬೇಕು. ಒಂದೇ ಒತ್ತು ಬರುತ್ತದೆಂದು ಬರೆದ ಕೋಡ್ ಇಲ್ಲಿ ಮುಗ್ಗರಿಸುತ್ತದೆ. ಅಕ್ಷರಗಳನ್ನು ಕೂಡಿಸುವ, ಬಿಡಿಸುವ ಕಾಣದ ಜೋಡಕಗಳಿಗೆ ‘ರ‍್ಯಾಂಕ್’ ಮತ್ತು ‘ಸಾಫ್ಟ್‌ವೇರ್’. ಎರಡು ರೂಪದಲ್ಲಿ ಬರೆಯಬಹುದಾದ ದೀರ್ಘಸ್ವರಗಳಿಗೆ ‘ಕೋಟೆ’: ಓಕಾರ ಒಂದೇ ಸಂಕೇತವಾಗಿಯೂ ಬರಬಹುದು, ಮೂರು ತುಂಡಾಗಿಯೂ ಬರಬಹುದು, ತೆರೆಯ ಮೇಲೆ ವ್ಯತ್ಯಾಸ ಕಾಣದಿದ್ದರೂ ಹುಡುಕಾಟದಲ್ಲಿ ಪದ ಸಿಗುವುದಿಲ್ಲ. ಉತ್ತರ ಸದಾ ಯೂನಿಕೋಡಿನ ಎನ್‌ಎಫ್‌ಸಿ ರೂಪದಲ್ಲೇ, ಅಂದರೆ ಕೂಡಿದ ಒಂದೇ ಸಂಕೇತವಾಗಿಯೇ, ಇರಬೇಕೆಂದು ನಿಯಮ ಮಾಡಿ. ಕೊನೆಯದಾಗಿ ಇಂಗ್ಲಿಷ್ ಪದ, ಅಂಕಿ ಬೆರೆತ ಎರಡು ವಾಕ್ಯ. ಬರಿ ಪಠ್ಯದಲ್ಲಿ ಫಾಂಟಿನ ಮಾಹಿತಿ ಇರದ ಕಾರಣ ಇಂಗ್ಲಿಷನ್ನೂ ಕನ್ನಡವೆಂದುಕೊಂಡು ಕೆಡಿಸುವುದು ಇಂಥ ಪರಿವರ್ತಕಗಳ ಹಳೆಯ ಕಾಯಿಲೆ.

ಈ ಟೆಸ್ಟ್ ಪದಗಳ ಪಟ್ಟಿ ಗಟ್ಟಿಯಾದ ಮೇಲೆ ಪೈಥಾನ್ 3. ಪೈಥಾನ್ 2ರ ಬೆಂಬಲ 2020ರ ಜನವರಿ 1ಕ್ಕೆ ಮುಗಿದಿದೆ. ಸಿಂಟ್ಯಾಕ್ಸ್ ಬದಲಾವಣೆ ಸುಲಭ. ತೊಡಕಿರುವುದು ಬೈಟ್ ಮತ್ತು ಪಠ್ಯದ ನಡುವೆ. ಪೈಥಾನ್ 2 ಕಡತವನ್ನು ಬೈಟುಗಳಾಗಿ ಓದುತ್ತಿತ್ತು. ಪೈಥಾನ್ 3ರಲ್ಲಿ ಎನ್ಕೋಡಿಂಗ್ ಹೇಳದೆ ತೆರೆದರೆ ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಯುಟಿಎಫ್-8 ಎಂದುಕೊಂಡು ಮೊದಲ ಅಕ್ಷರದಲ್ಲೇ ನಿಲ್ಲುತ್ತದೆ. ವಿಂಡೋಸ್‌ನಲ್ಲಿ ಯಂತ್ರದ ಕೋಡ್ ಪೇಜ್ ಹಿಡಿದು ಓದಿಬಿಡುತ್ತದೆ, ಕನ್ನಡ ಬರೆಯುವಾಗ ಕೈಕೊಡುತ್ತದೆ. ‘ನನ್ನ ಕಂಪ್ಯೂಟರಿನಲ್ಲಿ ಓಡುತ್ತದೆ’ ಎಂಬ ಜಗಳದ ಮೂಲ ಇದೇ. ಓದುವಾಗಲೂ ಬರೆಯುವಾಗಲೂ ಎನ್ಕೋಡಿಂಗನ್ನು ಹೆಸರಿಸಿ ಹೇಳಿ. ಓದಲು ವಿಂಡೋಸ್ 1252 ಆರಿಸಿದರೆ ಅದರಲ್ಲಿ ಐದು ಬೈಟುಗಳಿಗೆ ಅರ್ಥವೇ ಇಲ್ಲ, ಅಂಥದ್ದು ಸಿಕ್ಕರೆ ಪ್ರೋಗ್ರಾಮ್ ನಿಲ್ಲುತ್ತದೆ. ಲ್ಯಾಟಿನ್-1 ಆರಿಸಿದರೆ ಎಲ್ಲ ಬೈಟೂ ದಾಟುತ್ತವೆ, ಆದರೆ ಕೆಲವು ಚಿಹ್ನೆಗಳು ಬೇರೆ ಸಂಖ್ಯೆ ಪಡೆಯುತ್ತವೆ. ಅಕ್ಷರಗಳನ್ನು ಹೊಂದಿಸುವ ಹಳೆಯ ಕೋಷ್ಟಕ ಯಾವುದನ್ನು ನಂಬಿ ಬರೆದದ್ದು ಎಂದು ನೋಡಿ ಒಂದನ್ನೇ ಹಿಡಿಯಿರಿ.

ಪ್ಯಾಕೇಜ್ ಕಟ್ಟುವಾಗ ಎದುರಾಗುವುದು ಹಳೆಯ ಪ್ಯಾಕೇಜಿಂಗ್ ಉಪಕರಣ ಡಿಸ್ಟ್‌ಯುಟಿಲ್ಸ್, ಪೈಥಾನ್ 3.12ರಲ್ಲಿ ಅದನ್ನು ತೆಗೆದುಹಾಕಲಾಗಿದೆ. ಸೆಟಪ್ ಕಡತವನ್ನು ಇಂದಿನ ಪೈಪ್ರಾಜೆಕ್ಟ್ ಕಡತದ ರೂಪಕ್ಕೆ ತನ್ನಿ. ಟೆಸ್ಟ್‌ಗಳನ್ನು ತಾನಾಗಿ ಓಡಿಸುತ್ತಿದ್ದ ಟ್ರಾವಿಸ್‌ನ ಹಳೆಯ ಉಚಿತ ತಾಣ 2021ರಲ್ಲಿ ಮುಚ್ಚಿದ್ದರಿಂದ ಹಳೆಯ ಸ್ವಯಂ ಪರೀಕ್ಷೆಯ ಕಡತ ಇದ್ದರೂ ಪ್ರಯೋಜನವಿಲ್ಲ. ಗಿಟ್‌ಹಬ್ ಆ್ಯಕ್ಷನ್ಸ್‌ನಲ್ಲಿ ಲಿನಕ್ಸ್, ವಿಂಡೋಸ್ ಎರಡರಲ್ಲೂ ಓಡುವಂತೆ ಹೊಸದು ಬರೆಯಿರಿ.

ಈ ಹಂತದಲ್ಲಿ ಒಂದು ಕೆಲಸ ಮಾಡಬೇಡಿ: ಇಡೀ ಕೋಡನ್ನು ಫಾರ್ಮ್ಯಾಟರಿಗೆ ಕೊಟ್ಟು ಅಂದ ಮಾಡುವುದು. ಕಾದಿರುವ ಹನ್ನೆರಡು ಪುಲ್ ರಿಕ್ವೆಸ್ಟೂ ಒಂದೇ ಏಟಿಗೆ ಹೊಂದದಂತಾಗುತ್ತವೆ. ಅವು ಇತ್ಯರ್ಥವಾದ ಮೇಲೆ ಮಾಡಿ.

ಚಿಕ್ಕ ಬಿಡುಗಡೆ, ಬೇಗ

ಹಳೆಯ ಆವೃತ್ತಿ 0.4 ಆಗಿದ್ದರೆ ಹೊಸದು 0.5 ಇರಲಿ. ಹೊಸ ಪೈಥಾನ್‌ನಲ್ಲಿ ಓಡುತ್ತದೆ ಎಂಬುದಷ್ಟೇ ಅದರ ವಿಶೇಷವಾದರೆ ಸಾಕು. ಈ ಬಿಡುಗಡೆಯ ಉದ್ದೇಶ ದಾರಿಯನ್ನು ಪರೀಕ್ಷಿಸುವುದು: ಟ್ಯಾಗ್ (ಆವೃತ್ತಿಯ ಗುರುತು) ಹಾಕಿದರೆ ಟೆಸ್ಟ್ ಓಡಿ, ಪ್ಯಾಕೇಜ್ ಕಟ್ಟಿ, ಪೈಪಿಐಗೆ ತಾನಾಗಿ ಹೋಗಬೇಕು. ಪೈಪಿಐ 2024ರ ಜನವರಿಯಿಂದ ಎಲ್ಲ ಖಾತೆಗಳಿಗೂ ಎರಡು ಹಂತದ ದೃಢೀಕರಣ ಕಡ್ಡಾಯ ಮಾಡಿದೆ. ಗುಪ್ತ ಟೋಕನ್ ಇಟ್ಟುಕೊಳ್ಳುವ ಬದಲು ಗಿಟ್‌ಹಬ್ ಆ್ಯಕ್ಷನ್ಸ್‌ನಿಂದ ಬರುವ ಬಿಡುಗಡೆಯನ್ನು ಪೈಪಿಐ ನೇರವಾಗಿ ನಂಬುವ ‘ಟ್ರಸ್ಟೆಡ್ ಪಬ್ಲಿಷಿಂಗ್’ ವ್ಯವಸ್ಥೆ ಬಳಸಿ. ಆಗ ಬಿಡುಗಡೆ ಯಾರೋ ಒಬ್ಬರ ಲ್ಯಾಪ್‌ಟಾಪಿಗೆ ಅಂಟಿಕೊಂಡಿರುವುದಿಲ್ಲ. ಬದಲಾವಣೆಗಳ ಪಟ್ಟಿಯಲ್ಲಿ ಹಳೆಯ ಪುಲ್ ರಿಕ್ವೆಸ್ಟ್ ಕಳಿಸಿದ್ದವರ ಹೆಸರು ಬರೆಯಿರಿ.

ಕಾದಿದ್ದವರಿಗೆ ಉತ್ತರ

ಎಂಬತ್ತು ಇಶ್ಯೂಗಳನ್ನು ಸ್ವಯಂಚಾಲಿತ ಬಾಟ್‌ನಿಂದ ಮುಚ್ಚಿಸಬೇಡಿ. ಆರು ವರ್ಷ ಕಾದವರಿಗೆ ಯಂತ್ರದ ಮೂಲಕ ಬಾಗಿಲು ಹಾಕಿದರೆ ಅವರು ಮತ್ತೆ ತಿರುಗಿ ನೋಡುವುದಿಲ್ಲ, ಮತ್ತು ಈ ಯೋಜನೆಯ ಬಗ್ಗೆ ಕಾಳಜಿ ಇದೆ ಎಂದು ಈಗಾಗಲೇ ತೋರಿಸಿದವರು ಅವರೇ. ಒಂದು ಇಶ್ಯೂಗೆ ಐದು ನಿಮಿಷದ ಲೆಕ್ಕದಲ್ಲಿ ಇಬ್ಬರು ಕೂತರೆ ಎರಡು ಸಂಜೆಯ ಕೆಲಸ. ಮೊದಲ ಸುತ್ತಿನಲ್ಲಿ ಒಂದೇ ವಿಷಯದ ಪುನರಾವರ್ತನೆಗಳನ್ನು ಕೂಡಿಸಿ. ಎರಡನೆಯ ಸುತ್ತಿನಲ್ಲಿ 0.5ರಲ್ಲಿ ಪರೀಕ್ಷಿಸಿ, ಸರಿಹೋಗಿದ್ದರೆ ಯಾವ ಕಮಿಟ್‌ನಿಂದ ಎಂದು ಹೇಳಿ ಮುಚ್ಚಿ. ಉಳಿದವುಗಳಲ್ಲಿ ಕೆಟ್ಟ ಫಲಿತಾಂಶ ತೋರಿಸುವ ಪ್ರತಿಯೊಂದು ಪದವನ್ನೂ ಟೆಸ್ಟ್ ಪಟ್ಟಿಗೆ ಸೇರಿಸಿ. ಇಶ್ಯೂಗಳೇ ನಿಮ್ಮ ಪರೀಕ್ಷಾ ಸಾಮಗ್ರಿಯ ಗಣಿ.

ಹಳೆಯ ಪುಲ್ ರಿಕ್ವೆಸ್ಟ್ ಈಗ ಹೊಂದದಿದ್ದರೆ ಬರೆದವರನ್ನು ಕೇಳಿ, ಎರಡು ವಾರ ಕಾಯಿರಿ. ಬಾರದಿದ್ದರೆ ನೀವೇ ಹೊಂದಿಸಿ ಸೇರಿಸಿ, ಆದರೆ ಗಿಟ್‌ನಲ್ಲಿ ಕರ್ತೃವಾಗಿ ಅವರ ಹೆಸರೇ ಉಳಿಯಲಿ. ಚೆರಿ-ಪಿಕ್ ಆದೇಶದಿಂದ ಅವರ ಕಮಿಟನ್ನೇ ಎತ್ತಿ ತಂದರೆ ಹೆಸರು ತಾನಾಗಿ ಉಳಿಯುತ್ತದೆ. ಕೋಡನ್ನು ನಕಲು ಮಾಡಿ ಅಂಟಿಸಿದರೆ ಅಳಿಸಿಹೋಗುತ್ತದೆ.

ಹೊಸಬರನ್ನು ಕರೆಯುವುದು

ಇದಕ್ಕೆ ಒಳ್ಳೆಯ ಮಾದರಿ ಕಚೇರಿ ಕೆಲಸದ ಮುಕ್ತ ತಂತ್ರಾಂಶ ಲಿಬ್ರೆಆಫೀಸ್. 2010ರ ಸೆಪ್ಟೆಂಬರ್‌ನಲ್ಲಿ ಓಪನ್‌ಆಫೀಸ್‌ನಿಂದ ಕವಲೊಡೆದಾಗ ಅದರ ಕೈಗೆ ಬಂದದ್ದು ಬೃಹತ್ತಾದ, ಹಳೆಯ ಕೋಡ್. ಇವೆರಡರ ಮೂಲವಾದ ಸ್ಟಾರ್‌ಆಫೀಸ್ ಜರ್ಮನಿಯ ಕಂಪನಿಯದಾದ್ದರಿಂದ ಕೋಡಿನೊಳಗಿನ ಟಿಪ್ಪಣಿಗಳೆಷ್ಟೋ ಜರ್ಮನ್ ಭಾಷೆಯಲ್ಲಿದ್ದವು. ಅವನ್ನು ಇಂಗ್ಲಿಷಿಗೆ ತರುವುದು, ಯಾರೂ ಕರೆಯದ ಫಂಕ್ಷನ್‌ಗಳನ್ನು ತೆಗೆಯುವುದು, ಇಂಥವನ್ನು ‘ಈಸಿ ಹ್ಯಾಕ್ಸ್’ ಎಂಬ ಪಟ್ಟಿಯಾಗಿ ಹೊಸಬರ ಮುಂದಿಟ್ಟರು. ಈ ಆಯ್ಕೆಯಲ್ಲಿ ತುಂಬ ಜಾಣತನವಿದೆ. ಟಿಪ್ಪಣಿ ಅನುವಾದಿಸುವವರು ಆ ಕೋಡನ್ನು ಓದಲೇಬೇಕು. ಮಾಡಿದ ಕೆಲಸದಿಂದ ಪ್ರೋಗ್ರಾಮ್ ಕೆಡುವ ಅಪಾಯವಿಲ್ಲ. ಪರಿಶೀಲನೆ ನಿಮಿಷಗಳಲ್ಲಿ ಮುಗಿಯುತ್ತದೆ. ಮುಗಿದದ್ದು ಎಲ್ಲರಿಗೂ ಉಪಯೋಗ.

ನಮ್ಮ ಪರಿವರ್ತಕಕ್ಕೆ ಅದೇ ಅಳತೆ ಹಿಡಿಯಿರಿ. ‘ಒತ್ತಕ್ಷರದ ದೋಷ ಸರಿಪಡಿಸಿ’ ಎಂಬ ಇಶ್ಯೂ ಹೊಸಬರಿಗೆ ಸಾಲದು. ಹೀಗೆ ಬರೆಯಿರಿ: ‘ರಾಷ್ಟ್ರ ಎಂಬ ಪದದಲ್ಲಿ ಎರಡನೆಯ ಒತ್ತು ಬಿಟ್ಟುಹೋಗಿ ರಾಷ್ಟ ಎಂದು ಬರುತ್ತಿದೆ. ಒತ್ತುಗಳನ್ನು ಮರುಜೋಡಿಸುವ ಫಂಕ್ಷನ್ ಇಂಥ ಕಡತದಲ್ಲಿದೆ. ಅದು ಒಂದೇ ಒತ್ತನ್ನು ನೋಡಿ ಮುಂದೆ ಹೋಗುತ್ತದೆ, ಒತ್ತು ಸಿಗುವವರೆಗೂ ಸುತ್ತಬೇಕು. ಟೆಸ್ಟ್ ಕಡತದಲ್ಲಿ ಗೊತ್ತಿರುವ ದೋಷ ಎಂದು ಗುರುತಾದ ಸಾಲಿನ ಗುರುತನ್ನು ತೆಗೆದು ಓಡಿಸಿ, ಪಾಸಾದರೆ ಕೆಲಸ ಮುಗಿಯಿತು. ಎರಡರಿಂದ ಮೂರು ಗಂಟೆ ಹಿಡಿಯಬಹುದು.’ ಇಷ್ಟು ಬರೆಯುವ ಸಮಯದಲ್ಲಿ ನೀವೇ ಸರಿಪಡಿಸಿಬಿಡಬಹುದು, ನಿಜ. ಸರಿಪಡಿಸಬೇಡಿ. ಇಂಥವು ಐದರಿಂದ ಎಂಟು ಸದಾ ತೆರೆದಿರಲಿ. ಮೂವತ್ತು ಇಟ್ಟರೆ ಅರ್ಧ ಹಳಸುತ್ತವೆ.

ಅವರು ಕೋಡ್ ಇಳಿಸಿಕೊಂಡು ಮೊದಲ ಟೆಸ್ಟ್ ಓಡಿಸಲು ಹದಿನೈದು ನಿಮಿಷಕ್ಕಿಂತ ಹೆಚ್ಚು ಹಿಡಿಯಬಾರದು. ಇದನ್ನು ಊಹಿಸಬೇಡಿ. ಯೋಜನೆಯನ್ನು ಎಂದೂ ನೋಡದ ಒಬ್ಬರನ್ನು ವಿಂಡೋಸ್ ಲ್ಯಾಪ್‌ಟಾಪಿನ ಮುಂದೆ ಕೂರಿಸಿ, ಪಕ್ಕದಲ್ಲಿ ಬಾಯಿ ಬಿಡದೆ ಕೂತು ನೋಡಿ. ಅವರು ತಡೆದು ನಿಂತ ಪ್ರತಿಯೊಂದು ಜಾಗವೂ ಕೊಡುಗೆಯ ಕೈಪಿಡಿಯಲ್ಲಿ ಬಿಟ್ಟುಹೋದ ಒಂದು ಸಾಲು.

ಕರೆ ಕೊಡುವಾಗ ಪ್ರೋಗ್ರಾಮರುಗಳನ್ನಷ್ಟೇ ಕರೆಯಬೇಡಿ. ಹದಿನೈದು ವರ್ಷ ನುಡಿಯಲ್ಲಿ ಪುಟ ಕಟ್ಟಿದ ಡಿಟಿಪಿ ಕೆಲಸಗಾರರಿಗೆ ಯಾವ ಒತ್ತು ಎಲ್ಲಿ ಕೆಡುತ್ತದೆಂಬುದು ಬಾಯಿಪಾಠ. ಕರಡು ತಿದ್ದುವವರು, ಕನ್ನಡ ಮೇಷ್ಟ್ರುಗಳು, ವಿಕಿಪೀಡಿಯ, ವಿಕಿಸೋರ್ಸ್ ಸಂಪಾದಕರು, ಇವರೆಲ್ಲ ಟೆಸ್ಟ್ ಪದಗಳನ್ನು ಕೊಡಬಲ್ಲರು, ಫಲಿತಾಂಶ ಪರಿಶೀಲಿಸಬಲ್ಲರು. ಅವರಿಗೆ ಗಿಟ್ ಕಲಿಸಲು ಹೋಗದೆ ಒಂದು ಸ್ಪ್ರೆಡ್‌ಶೀಟ್ ಕೊಡಿ, ಅದರಿಂದ ಟೆಸ್ಟ್ ಕಡತ ಮಾಡುವ ಕೆಲಸವನ್ನು ಇನ್ನೊಬ್ಬರು ವಹಿಸಿಕೊಳ್ಳಲಿ, ಕೃತಜ್ಞತೆಯ ಪಟ್ಟಿಯಲ್ಲಿ ಎಲ್ಲರ ಹೆಸರೂ ಒಂದೇ ಸಾಲಿನಲ್ಲಿರಲಿ. ಇಶ್ಯೂ ಕನ್ನಡದಲ್ಲಿ ಬರೆಯಬಹುದೆಂದು ರೀಡ್‌ಮಿಯಲ್ಲಿ ಸ್ಪಷ್ಟವಾಗಿ ಹೇಳಿ. ಇಂಗ್ಲಿಷ್ ಬರೆಯಲು ಅಳುಕುವ ಕಾರಣಕ್ಕೇ ಸುಮ್ಮನಿರುವವರು ಬಹಳ ಜನ. ರೀಡ್‌ಮಿ ಮಾತ್ರ ಎರಡೂ ಭಾಷೆಯಲ್ಲಿರಲಿ, ಏಕೆಂದರೆ ತೆಲುಗು, ತಮಿಳು ಪರಿವರ್ತಕ ಬರೆಯುವವರೂ ಇದನ್ನು ಓದಲು ಬರುತ್ತಾರೆ.

ಮುಕ್ತ ತಂತ್ರಾಂಶವನ್ನು ಬೆಳೆಸುವ ಬೆಂಗಳೂರಿನ ಫಾಸ್ ಯುನೈಟೆಡ್‌ನಂಥ ಸಂಸ್ಥೆಗಳ ಕೂಟಗಳು, ಕಾಲೇಜುಗಳ ಕ್ಲಬ್‌ಗಳು ಜನ ಸಿಗುವ ಜಾಗಗಳು. ಹೊಸಬರಿಗೆ ಭತ್ಯೆ ಕೊಟ್ಟು ಮುಕ್ತ ತಂತ್ರಾಂಶದ ಕೆಲಸ ಕಲಿಸುವ ಗೂಗಲ್ ಸಮ್ಮರ್ ಆಫ್ ಕೋಡ್ ಮುಂತಾದವು ಎರಡನೆಯ ವರ್ಷಕ್ಕಿರಲಿ. ಮಾರ್ಗದರ್ಶನಕ್ಕೆ ಇಬ್ಬರು ಸ್ಥಿರವಾಗಿ ಸಿಗುವ ಮುಂಚೆ ಅವಕ್ಕೆ ಕೈಹಾಕಬಾರದು. ಅಕ್ಟೋಬರ್ ತಿಂಗಳ ಹ್ಯಾಕ್ಟೋಬರ್‌ಫೆಸ್ಟ್ ಎಂಬ ಕೊಡುಗೆಯ ಅಭಿಯಾನದಲ್ಲಿ ಬಹುಮಾನಕ್ಕಾಗಿ ಅಲ್ಪವಿರಾಮ ತಿದ್ದಿ ಕಳಿಸುವ ಪುಲ್ ರಿಕ್ವೆಸ್ಟ್‌ಗಳ ಹಾವಳಿ ಎಷ್ಟಾಯಿತೆಂದರೆ 2020ರಲ್ಲಿ ಅದನ್ನು ಯೋಜನೆಗಳು ಒಪ್ಪಿದರೆ ಮಾತ್ರ ಎಂದು ಬದಲಿಸಬೇಕಾಯಿತು. ಸಿದ್ಧವಿಲ್ಲದಿದ್ದರೆ ಒಪ್ಪಿಗೆಯ ಗುರುತು ಹಾಕಬೇಡಿ.

ಮೊದಲ ಪುಲ್ ರಿಕ್ವೆಸ್ಟ್ ಬಂದಾಗ ಎರಡು ದಿನದೊಳಗೆ ಮನುಷ್ಯರೊಬ್ಬರು ಉತ್ತರಿಸಬೇಕು. ‘ನೋಡಿದೆ, ಭಾನುವಾರ ಪರಿಶೀಲಿಸುತ್ತೇನೆ’ ಎಂದರೂ ಆಯಿತು. ವಿರಾಮಚಿಹ್ನೆ, ಹೆಸರಿಡುವ ಶೈಲಿ ಮುಂತಾದ ಚಿಲ್ಲರೆ ತಿದ್ದುಪಡಿಗಳನ್ನು ಸೇರಿಸುವಾಗ ನೀವೇ ಮಾಡಿಕೊಳ್ಳಿ. ಅವರ ಬಳಿ ಒಂದೇ ಒಂದು ಮುಖ್ಯ ಬದಲಾವಣೆ ಕೇಳಿ. ಸೇರಿಸಿದ ಮೇಲೆ ಎರಡು ವಾರದೊಳಗೆ ಅದು ಬಿಡುಗಡೆಯಲ್ಲಿ ಹೋಗಲಿ, ಹೋದಾಗ ಅವರಿಗೆ ತಿಳಿಸಿ. ತಾನು ಬರೆದ ನಾಲ್ಕು ಸಾಲು ಎಲ್ಲೋ ಒಬ್ಬರ ಹಳೆಯ ಕಾದಂಬರಿಯ ಕಡತವನ್ನು ಓದುವಂತೆ ಮಾಡಿತು ಎಂದು ತಿಳಿದವರು ಎರಡನೆಯ ಸಲ ತಾವಾಗಿ ಬರುತ್ತಾರೆ.

ಕೀಲಿ ಯಾರಿಗೆ, ಯಾವಾಗ

ಇಲ್ಲಿ ಅವಸರವೂ ಅಪಾಯ, ಜಿಪುಣತನವೂ ಅಪಾಯ. 2018ರಲ್ಲಿ ಇವೆಂಟ್-ಸ್ಟ್ರೀಮ್ ಎಂಬ ಜಾವಾಸ್ಕ್ರಿಪ್ಟ್ ಪ್ಯಾಕೇಜನ್ನು ಅದರ ನಿರ್ವಾಹಕರು ಸಹಾಯ ಮಾಡಲು ಬಂದ ಅಪರಿ­ಚಿತರಿಗೆ ಒಪ್ಪಿಸಿದರು. ಬಂದವರು ಬಿಟ್‌ಕಾಯಿನ್ ಕದಿಯುವ ಕೋಡ್ ಸೇರಿಸಿದರು. ಕಡತ ಕುಗ್ಗಿಸುವ ಎಕ್ಸ್‌ಝಡ್ ತಂತ್ರಾಂಶದ ಪ್ರಕರಣ ಇನ್ನೂ ಆಳವಾದದ್ದು. ಜಿಯಾ ಟಾನ್ ಎಂಬ ಹೆಸರಿನಲ್ಲಿ 2021ರಿಂದ ಒಳ್ಳೆಯ ಪ್ಯಾಚುಗಳು ಬರುತ್ತಿದ್ದವು. ದಣಿದಿದ್ದ ಒಬ್ಬರೇ ನಿರ್ವಾಹಕರ ಮೇಲೆ ಬೇರೆ ಅಪರಿಚಿತ ಖಾತೆಗಳು ‘ಇನ್ನೊಬ್ಬರಿಗೆ ಅಧಿಕಾರ ಕೊಡಿ’ ಎಂದು ಒತ್ತಡ ಹಾಕಿದವು. ಅಧಿಕಾರ ಸಿಕ್ಕಿತು. 2024ರಲ್ಲಿ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಹಿಂಬಾಗಿಲು, ಅಂದರೆ ಕಳ್ಳದಾರಿ ತೆರೆಯುವ ಕೋಡ್, ಬಂತು. ಆಂಡ್ರೆಸ್ ಫ್ರೊಯಿಂಡ್ ಎಂಬ ಎಂಜಿನಿಯರ್ ದೂರದ ಕಂಪ್ಯೂಟರಿಗೆ ಹೋಗುವ ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡಿನಷ್ಟು ತಡವಾಗುತ್ತಿರುವುದನ್ನು ಬೆನ್ನುಹತ್ತಿ ಮಾರ್ಚ್ 29ರಂದು ಅದನ್ನು ಬಯಲಿಗೆಳೆದರು.

ಆ ಪ್ರಕರಣದ ಎರಡು ವಿವರಗಳು ನಮ್ಮ ಪುಟ್ಟ ಯೋಜನೆಗೂ ನೇರವಾಗಿ ತಟ್ಟುತ್ತವೆ. ವಿಷವನ್ನು ಅಡಗಿಸಿದ್ದು ‘ಟೆಸ್ಟ್ ಕಡತ’ ಎಂಬ ಹೆಸರಿನ ಬೈನರಿಗಳಲ್ಲಿ. ಹಳೆಯ ಎನ್ಕೋಡಿಂಗಿನ ಮಾದರಿಗಳನ್ನು ಯಾರಿಗೂ ಓದಲಾಗದ ಬೈನರಿ ಕಡತಗಳಾಗಿ ಸ್ವೀಕರಿಸಬೇಡಿ. ಬೈಟುಗಳ ಸಂಖ್ಯೆಗಳನ್ನು ಪಠ್ಯವಾಗಿ, ಪಕ್ಕದಲ್ಲಿ ಕನ್ನಡ ಪದದೊಂದಿಗೆ ಬರೆಸಿ. ಇನ್ನೊಂದು, ಅದನ್ನು ಚಾಲೂ ಮಾಡುವ ತುಣುಕು ಬಿಡುಗಡೆಯ ಟಾರ್ ಕಡತದಲ್ಲಿತ್ತು, ಗಿಟ್ ರೆಪೊದಲ್ಲಿ ಇರಲಿಲ್ಲ. ಆದ್ದರಿಂದ ಬಿಡುಗಡೆ ಸದಾ ಟ್ಯಾಗ್‌ನಿಂದ, ಎಲ್ಲರಿಗೂ ಕಾಣುವ ಸ್ವಯಂಚಾಲಿತ ದಾರಿಯಿಂದಲೇ ಆಗಬೇಕು. ಕೈಯಿಂದ ಏರಿಸುವ ದಾರಿಯನ್ನು ಮುಚ್ಚಿ.

ಅಧಿಕಾರವನ್ನು ಮೆಟ್ಟಿಲುಗಳಾಗಿ ಕೊಡಿ. ಎರಡು ಒಳ್ಳೆಯ ಪುಲ್ ರಿಕ್ವೆಸ್ಟ್ ಕೊಟ್ಟವರಿಗೆ ಇಶ್ಯೂಗಳಿಗೆ ಗುರುತು ಹಾಕುವ, ಮುಚ್ಚುವ ಅಧಿಕಾರ. ಇದರಿಂದ ಕೋಡಿಗೆ ಏನೂ ಆಗದು. ಆರು ತಿಂಗಳು ಜೊತೆಗಿದ್ದು ಇತರರ ಕೋಡನ್ನೂ ಪರಿಶೀಲಿಸಿದವರಿಗೆ ಸೇರಿಸುವ ಅಧಿಕಾರ, ಆದರೆ ಮುಖ್ಯ ಶಾಖೆಗೆ ಇನ್ನೊಬ್ಬರ ಒಪ್ಪಿಗೆಯಿಲ್ಲದೆ ಯಾರೂ, ಹಳೆಯ ಒಡೆಯರೂ ಸಹ, ಏನನ್ನೂ ಹಾಕದಂತೆ ಸೆಟ್ಟಿಂಗ್ ಮಾಡಿ. ಪೈಪಿಐ ಒಡೆತನ ಇಬ್ಬರಿಗೆ ಇರಲೇಬೇಕು, ಮೂವರಿದ್ದರೆ ಒಳ್ಳೆಯದು. ಅವರಲ್ಲಿ ಇಬ್ಬರಾದರೂ ಒಬ್ಬರನ್ನೊಬ್ಬರು ಮುಖತಃ ಬಲ್ಲವರಾಗಿರಲಿ. ಯಾರಾದರೂ ‘ಬೇಗ ಕೊಡಿ’ ಎಂದು ಒತ್ತಾಯಿಸಿದರೆ ಅದನ್ನೇ ನಿಧಾನಿಸಲು ಕಾರಣವೆಂದು ತಿಳಿಯಿರಿ.

ಮೂರನೆಯ ತಿಂಗಳ ಕೊನೆಗೆ

ಚರ್ಚೆಯೆಲ್ಲ ಟೆಲಿಗ್ರಾಂ, ವಾಟ್ಸ್ಆ್ಯಪ್ ಗುಂಪಿನಲ್ಲೇ ನಡೆಯುತ್ತಿದ್ದರೆ ಆರು ತಿಂಗಳ ನಂತರ ಬಂದವರಿಗೆ ಯಾವ ನಿರ್ಧಾರ ಏಕೆ ಆಯಿತೆಂದು ತಿಳಿಯುವುದಿಲ್ಲ. ಹರಟೆ ಅಲ್ಲಿರಲಿ, ನಿರ್ಧಾರವಾದ ದಿನವೇ ಎರಡು ಸಾಲಿನಲ್ಲಿ ಇಶ್ಯೂಗೆ ಬರೆಯಿರಿ. ನಿರ್ವಾಹಕರ ಪಟ್ಟಿಯ ಕಡತವೊಂದನ್ನು ರೆಪೊದಲ್ಲಿಟ್ಟು ಯಾರ ಬಳಿ ಯಾವ ಕೀಲಿ ಇದೆ, ಡೊಮೇನ್ ಯಾವಾಗ ಮುಗಿಯುತ್ತದೆ, ಬಿಡುಗಡೆ ಮಾಡುವುದು ಹೇಗೆ ಎಂದು ಬರೆದಿಡಿ. ಮೂರನೆಯ ತಿಂಗಳಿನಲ್ಲಿ ಒಂದು ಬಿಡುಗಡೆಯನ್ನು ನೀವು ಮುಟ್ಟದೆ ಇನ್ನೊಬ್ಬರಿಂದ ಮಾಡಿಸಿ. ಅವರು ನಿಮಗೆ ಫೋನ್ ಮಾಡಿ ಕೇಳಿದ್ದೆಲ್ಲವೂ ಆ ಕಡತದಲ್ಲಿ ಬಿಟ್ಟುಹೋದ ವಿವರ.

ಇಷ್ಟಾದರೂ ಯಾರೂ ಉಳಿಯದಿದ್ದರೆ ಯೋಜನೆಯನ್ನು ಅಚ್ಚುಕಟ್ಟಾಗಿ ಮುಚ್ಚಿ. ಕೊನೆಯ ಬಿಡುಗಡೆ ಮಾಡಿ. ಯಾವ ಪೈಥಾನ್ ಆವೃತ್ತಿಯವರೆಗೆ ಪರೀಕ್ಷಿಸಿದ್ದೀರಿ, ಯಾವ ದೋಷ ಉಳಿದಿದೆ, ಅಕ್ಷರಗಳ ಕೋಷ್ಟಕ ಯಾವ ಕಡತದಲ್ಲಿದೆ ಎಂದು ರೀಡ್‌ಮಿಯ ಮೊದಲ ಹತ್ತು ಸಾಲಿನಲ್ಲಿ ಬರೆಯಿರಿ. ತೆರೆದ ಇಶ್ಯೂಗಳಿಗೆಲ್ಲ ತಿಳಿಸಿ, ಸಂಪರ್ಕಕ್ಕೆ ಸದಾ ನೋಡುವ ಒಂದು ಇಮೇಲ್ ಕೊಟ್ಟು, ಆಮೇಲೆ ಆರ್ಕೈವ್ ಗುಂಡಿ ಒತ್ತಿ. ಮುಂದೆ ಯಾರಾದರೂ ಇದನ್ನು ಮತ್ತೆ ಎತ್ತಿಕೊಳ್ಳಲು ಬಂದರೆ ಅವರ ಮೊದಲ ಪತ್ರ ಬರುವುದು ಆ ವಿಳಾಸಕ್ಕೆ.